ಕುಂಡದ ನೊರಜು, ಮಣ್ಣಿನ ನುಸಿ ಮತ್ತು ಕೊಡಗಿನ ಕಾಫಿ ತೋಟ

ಮಳೆ ಹಿಡಿದು ಎರಡು ವಾರ ಆದರೆ ಸಾಕು, ಕೊಡಗಿನ ಮನೆಗಳಲ್ಲಿ ಹೂಕುಂಡಗಳಿಗೆ ಬಡ್ತಿ ಸಿಗುತ್ತದೆ. ಅಂಗಳದಲ್ಲಿದ್ದದ್ದು ಜಗಲಿಗೆ, ಜಗಲಿಯಲ್ಲಿದ್ದದ್ದು ಒಳಮನೆಗೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಕಕ್ಕಡ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕುಂಡದ ಮಣ್ಣು ಒಣಗುವುದೆಲ್ಲಿ ಬಂತು? ಆಗ ಬರುತ್ತದೆ ನೋಡಿ ಆ ಪುಟ್ಟ ಕಪ್ಪು ನೊಣ. ಸೊಳ್ಳೆಯಂಥ ಉದ್ದ ಕಾಲು, ಆದರೆ ಕಚ್ಚುವುದಿಲ್ಲ. ಕುಂಡ ಅಲುಗಿಸಿದರೆ ನಾಲ್ಕಾರು ಎದ್ದು, ದಿಕ್ಕು ತಪ್ಪಿದವರ ಹಾಗೆ ಹಾರಾಡಿ, ಕೊನೆಗೆ ಕಾಫಿ ಲೋಟಕ್ಕೇ ಬಿದ್ದು ಪ್ರಾಣ ಬಿಡುತ್ತವೆ.

ಇಂಗ್ಲಿಷಿನವರು ಇದನ್ನು ಫಂಗಸ್ ನ್ಯಾಟ್ ಅನ್ನುತ್ತಾರೆ. ನಾನು ಅಣಬೆ ನೊರಜು ಅಂತ ಕರೆಯುತ್ತೇನೆ, ನಿಮ್ಮ ಊರಿನಲ್ಲಿ ಇನ್ನೂ ಒಳ್ಳೆಯ ಹೆಸರಿದ್ದರೆ ಅದನ್ನೇ ಇಟ್ಟುಕೊಳ್ಳಿ. ಸಯಾರಿಡೇ ಎಂಬ ಕುಟುಂಬ, ಕುಂಡದಲ್ಲಿ ಹೆಚ್ಚಾಗಿ ಕಾಣಿಸುವುದು ಬ್ರಾಡಿಸಿಯಾ ಎಂಬ ಕುಲ. ಹೆಣ್ಣು ನೊರಜು ಒದ್ದೆ ಮಣ್ಣಿನ ಮೇಲ್ಪದರದಲ್ಲಿ ನೂರರ ಲೆಕ್ಕದಲ್ಲಿ ಮೊಟ್ಟೆ ಇಟ್ಟು ಒಂದು ವಾರದಲ್ಲಿ ಸಾಯುತ್ತದೆ. ಮೊಟ್ಟೆಯಿಂದ ಬರುವ ಹುಳು ಗಾಜಿನಂತೆ ಪಾರದರ್ಶಕ, ತಲೆ ಮಾತ್ರ ಹೊಳೆಯುವ ಕಪ್ಪು. ಅದರ ಮುಖ್ಯ ಊಟ ಕೊಳೆಯುವ ಎಲೆ, ಗೊಬ್ಬರ ಮತ್ತು ಅವುಗಳ ಮೇಲೆ ಹಬ್ಬುವ ಬೂಷ್ಟು. ದೊಡ್ಡ ಗಿಡಕ್ಕೆ ಅದರಿಂದ ಅಂಥ ನಷ್ಟವಿಲ್ಲ. ಆದರೆ ಊಟ ಸಾಲದಾದಾಗ ಎಳೆ ಬೇರಿಗೆ ಬಾಯಿ ಹಾಕುತ್ತದೆ, ಜೊತೆಗೆ ಸಸಿ ಕೊಳೆಸುವ ಪಿಥಿಯಂನಂಥ ಶಿಲೀಂಧ್ರಗಳನ್ನು ಒಂದು ಸಸಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಮೊಟ್ಟೆಯಿಂದ ನೊಣದವರೆಗೆ ಮೂರು ನಾಲ್ಕು ವಾರ. ಅಂದರೆ ಒಂದು ಮಳೆಗಾಲದಲ್ಲಿ ನಾಲ್ಕು ತಲೆಮಾರು ಆರಾಮಾಗಿ ಆಗಿಹೋಗುತ್ತದೆ.

ಈ ನೊರಜಿಗೆ ಯಮ ಇರುವುದು ಅದೇ ಮಣ್ಣಿನಲ್ಲಿ. ಅದು ಒಂದು ನುಸಿ.

ನುಸಿ ಅಂದ ತಕ್ಷಣ ನಮ್ಮ ರೈತರ ಮುಖ ಗಂಟಾಗುತ್ತದೆ. ತಪ್ಪಿಲ್ಲ. ೧೯೯೮ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ಬಯಲುಸೀಮೆಯ ತೆಂಗಿನಕಾಯಿಯನ್ನು ಹುಣಸೆ ಬೀಜದಂತೆ ಸುಕ್ಕಾಗಿಸಿತು, 'ನುಸಿ ಪೀಡೆ' ಎಂಬ ಮಾತು ಹಳ್ಳಿಹಳ್ಳಿಗೆ ತಲುಪಿತು. ಹವ್ಯಕರ ಮನೆಮಾತಿನಲ್ಲಿ ನುಸಿ ಅಂದರೆ ಸೊಳ್ಳೆ. ದಿನಸಿ ಡಬ್ಬದ ಪುಡಿಹುಳವೂ ನುಸಿಯೇ. ಒಟ್ಟಿನಲ್ಲಿ ಕನ್ನಡದಲ್ಲಿ ನುಸಿಗೆ ಒಳ್ಳೆಯ ಹೆಸರಿಲ್ಲ. ಆದರೆ ಎಂಟು ಕಾಲಿನ ಈ ಕುಲ, ಅಂದರೆ ಜೇಡ, ಉಣ್ಣೆಗಳ ದಾಯಾದಿಗಳು, ಬಹಳ ದೊಡ್ಡದು. ಕಾಡಿನ ಒಂದು ಚದರ ಮೀಟರ್ ತರಗೆಲೆ-ಮಣ್ಣಿನಲ್ಲಿ ಹತ್ತಾರು ಸಾವಿರ ನುಸಿಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಎಲೆ ಪುಡಿಮಾಡುವ ಕೂಲಿಗಳು, ಗುಂಡಗೆ, ನಿಧಾನಕ್ಕೆ ನಡೆಯುವಂಥವು. ಕೆಲವು ಮಾತ್ರ ಬೇಟೆಗಾರರು. ಕಂದು ಬಣ್ಣ, ಅರ್ಧದಿಂದ ಒಂದು ಮಿಲಿಮೀಟರ್ ಗಾತ್ರ, ನೋಡಿದರೆ ಓಡುತ್ತಲೇ ಇರುತ್ತವೆ. ಮಣ್ಣಿನ ಮೇಲಿನ ಒಂದೆರಡು ಸೆಂಟಿಮೀಟರ್ ಅವುಗಳ ಬೇಟೆಯ ಮೈದಾನ. ನೊರಜಿನ ಮರಿಹುಳು ಇರುವುದೂ ಅಲ್ಲಿಯೇ.

ಈ ಬೇಟೆಗಾರ ನುಸಿಯನ್ನು ಬೇಕೆಂದೇ ಸಾಕಿ ಗಾಜಿನಮನೆಗಳಲ್ಲಿ ಬಿಡಬಹುದು ಎಂದು ಕೆನಡಾದ ಗಿಲೆಸ್ಪಿ ಮತ್ತು ಕ್ವಿರಿಂಗ್ ೧೯೯೦ರಲ್ಲಿ ಪ್ರಕಟಿಸಿದರು. ಆಮೇಲೆ ಅದೊಂದು ವ್ಯಾಪಾರವೇ ಆಯಿತು. ಡಬ್ಬಿಯಲ್ಲಿ ತುಂಬಿ, ಲೆಕ್ಕ ಬರೆದು, ಅಂಚೆಯಲ್ಲಿ ಕಳಿಸುವ ನುಸಿ! ತಮಾಷೆ ಅಂದರೆ, ಹೈಪೊಆಸ್ಪಿಸ್ ಮೈಲ್ಸ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಮಾರಾಟವಾದ ಪ್ರಾಣಿ ಅದಲ್ಲವೇ ಅಲ್ಲ, ಅದರ ದಾಯಾದಿ ಸ್ಟ್ರಾಟಿಯೋಲೆಲಾಪ್ಸ್ ಸಿಮಿಟಸ್ ಎಂದು ೨೦೦೩ರಲ್ಲಿ ಸಂಶೋಧಕರು ತೋರಿಸಿದರು. ಕೊಂಡವರಿಗೆ ನಷ್ಟವೇನೂ ಆಗಲಿಲ್ಲ, ಎರಡೂ ನೊರಜು ತಿನ್ನುತ್ತವೆ.

ನುಸಿಯ ವಿದ್ಯೆಯಲ್ಲಿ ನಮ್ಮ ನಾಡು ಹಿಂದೇನೂ ಬಿದ್ದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರೊಫೆಸರ್ ಜಿ. ಪಿ. ಚನ್ನಬಸವಣ್ಣನವರು ಭಾರತದ ಎರಿಯೋಫೈಡ್ ನುಸಿಗಳ ಬಗ್ಗೆ ೧೯೬೬ರಲ್ಲೇ ಗ್ರಂಥ ತಂದವರು. ತೆಂಗಿನ ನುಸಿ ಸೇರುವುದೂ ಇದೇ ಗುಂಪಿಗೆ, ಅಂದರೆ ಆ ಪೀಡೆ ಬರುವುದಕ್ಕೆ ಮೂರು ದಶಕ ಮೊದಲೇ. ನುಸಿ ವಿಜ್ಞಾನಿಗಳ ಏಳನೇ ಅಂತರರಾಷ್ಟ್ರೀಯ ಸಮ್ಮೇಳನ ೧೯೮೬ರಲ್ಲಿ ನಡೆದದ್ದು ಬೆಂಗಳೂರಿನಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಪಠ್ಯಪುಸ್ತಕದಲ್ಲಂತೂ ಓದಿದ ನೆನಪಿಲ್ಲ.

ಸರಿ, ಡಬ್ಬಿ ತರಿಸಿ ಕುಂಡಕ್ಕೆ ಸುರಿದರೆ ಕತೆ ಮುಗಿಯಿತಲ್ಲ ಅನ್ನಬಹುದು. ಮುಗಿಯುವುದಿಲ್ಲ. ಹುಳಕ್ಕೆ ಹುಳವನ್ನೇ ಛೂ ಬಿಡುವ ಈ ಆಟವನ್ನು ಕೊಡಗಿನ ಕಾಫಿ ನಾಡು ನೂರಿಪ್ಪತ್ತೈದು ವರ್ಷಕ್ಕೂ ಹಿಂದಿನಿಂದ ನೋಡುತ್ತಾ ಬಂದಿದೆ. ಯಾವಾಗ ಗೆದ್ದಿತು, ಯಾವಾಗ ಸೋತಿತು ಅನ್ನುವ ಲೆಕ್ಕ ಇಲ್ಲಿನ ತೋಟಗಳಲ್ಲಿ ಬರೆದಿಟ್ಟ ಹಾಗಿದೆ. ಅದನ್ನು ಒಮ್ಮೆ ನೋಡಿ ಆಮೇಲೆ ಕುಂಡಕ್ಕೆ ಬರೋಣ.

ಕೊಡಗಿನಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಫೌಲರ್ ಎಂಬುವರಿಂದ ಮಡಿಕೇರಿಯ ಬಳಿ ಶುರುವಾದದ್ದು ೧೮೫೪ರಲ್ಲಿ, ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡ ಇಪ್ಪತ್ತು ವರ್ಷಕ್ಕೆ. ಹಿಂದೆಯೇ ಒಬ್ಬರ ಮೇಲೊಬ್ಬರು ಬಂದರು. ಕಾಡು ಕಡಿದು, ಸುಟ್ಟು, ಬಯಲಾದ ಬೆಟ್ಟದ ಮೈಮೇಲೆ ಸಾಲುಸಾಲಾಗಿ ಅರೇಬಿಕಾ ನೆಟ್ಟರು. ನೆರಳಿಲ್ಲದ ಕಾಫಿ ಮೊದಮೊದಲು ಫಸಲೇನೋ ಚೆನ್ನಾಗಿ ಕೊಟ್ಟಿತು. ೧೮೬೦ರ ದಶಕದ ನಡುವಿಗೆ ಗಿಡಗಳು ಇದ್ದಕ್ಕಿದ್ದಂತೆ ಒಣಗತೊಡಗಿದವು. ಕಾಂಡ ಸೀಳಿ ನೋಡಿದರೆ ಒಳಗೆ ಸುರಂಗ. ಅದೇ ಇವತ್ತಿಗೂ ಬೆಳೆಗಾರರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕ. ತೋಟಕ್ಕೆ ತೋಟವೇ ಹೋಯಿತು, ಸಾಲ ಮಾಡಿ ಬಂದ ಎಷ್ಟೋ ದೊರೆಗಳು ಬರಿಗೈಲಿ ಇಳಿದುಹೋದರು. ದೊರೆಗಳಿಗಾದರೆ ಹಡಗು ಹತ್ತುವ ದಾರಿಯಾದರೂ ಇತ್ತು. ಅವರ ತೋಟದ ಕೂಲಿಯನ್ನೇ ನಂಬಿ ಘಟ್ಟ ಹತ್ತಿದ್ದವರ ಪಾಡು ಏನು? ಅವರ ಹೆಸರನ್ನು ಯಾವ ವರದಿಯೂ ಬರೆದುಕೊಂಡಿಲ್ಲ.

ಮದ್ರಾಸ್ ಸರ್ಕಾರ ಸರ್ಜನ್ ಜಾರ್ಜ್ ಬಿಡೀ ಅವರನ್ನು ತನಿಖೆಗೆ ಕಳಿಸಿತು. ೧೮೬೯ರಲ್ಲಿ ಅವರ ವರದಿ ಅಚ್ಚಾಯಿತು. ವೈದ್ಯನಾದವನು ಔಷಧಿ ಚೀಟಿ ಬರೆಯಬೇಕಿತ್ತು, ಆದರೆ ಬಿಡೀ ಕಣ್ಣು ಹೋದದ್ದು ತಲೆಯ ಮೇಲಿನ ಆಕಾಶಕ್ಕೆ. ಬಿಸಿಲಿಗೆ ತೆರೆದ ಒಣ ತೋಟಗಳಲ್ಲಿ ಕೊರಕದ ಹಾವಳಿ ವಿಪರೀತ, ಮರದ ನೆರಳಿರುವಲ್ಲಿ ಕಡಿಮೆ. ಹೆಣ್ಣು ದುಂಬಿಗೆ ಮೊಟ್ಟೆಯಿಡಲು ಬಿಸಿಲು ಬಿದ್ದ ಕಾಂಡವೇ ಬೇಕು. ಹಾಗಾಗಿ ನೆರಳಿನ ಮರ ಬೆಳೆಸಿ ಅನ್ನುವುದೇ ಅವರ ಮುಖ್ಯ ಚಿಕಿತ್ಸೆ. ಇವತ್ತು ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪದ ಕಡೆ ಹೋದರೆ ಕಾಡೋ ತೋಟವೋ ಗೊತ್ತಾಗದಂತೆ ಮರ ನಿಂತಿವೆಯಲ್ಲ, ಅದರ ಹಿಂದೆ ಈ ಸೋಲಿನ ಪಾಠವೂ ಇದೆ. ನೆರಳು ಬಂದ ಮೇಲೆ ತರಗೆಲೆ ಬಂತು, ತರಗೆಲೆಯ ಅಡಿಯಲ್ಲಿ ನುಸಿ, ಬಾಲಹುಳ, ಎರೆಹುಳ ಎಲ್ಲ ವಾಪಸು ಬಂದವು. ಅವನ್ನು ಯಾರೂ ಕರೆಯಲಿಲ್ಲ, ಎಣಿಸಲೂ ಇಲ್ಲ.

ಮುಂದಿನ ಪೆಟ್ಟು ಹಸಿರು ತಿಗಣೆಯದು. ಎಲೆಯ ಅಡಿ ನರದುದ್ದಕ್ಕೂ ಅಂಟಿಕೊಂಡು ರಸ ಹೀರುವ ಚಪ್ಪಟೆ ಕೀಟ. ಸಿಲೋನಿನ ಗ್ರೀನ್ ಎಂಬ ಕೀಟಶಾಸ್ತ್ರಜ್ಞ ೧೮೮೯ರಲ್ಲಿ ಇದಕ್ಕೆ ಹೆಸರಿಟ್ಟರು. ಹೆಸರಿನ ಅರ್ಥವೂ 'ಹಸಿರು', ಇಟ್ಟವರ ಹೆಸರೂ ಹಸಿರು :) ಅದೇ ಹೊತ್ತಿಗೆ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಒಂದು ಪವಾಡ ನಡೆದಿತ್ತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಬಿಳಿ ಹತ್ತಿಯಂಥ ತಿಗಣೆಯೊಂದು ನುಂಗುತ್ತಿದ್ದಾಗ, ಆಲ್ಬರ್ಟ್ ಕೋಬಿಲೆ ಎಂಬಾತ ಆಸ್ಟ್ರೇಲಿಯಾಕ್ಕೆ ಹೋಗಿ ಐನೂರು ಚಿಲ್ಲರೆ ಗುಲಗಂಜಿ ಹುಳಗಳನ್ನು ಹಡಗಿನಲ್ಲಿ ಕಳಿಸಿದರು. ೧೮೮೮-೮೯ರ ಮಾತು. ಒಂದೆರಡು ವರ್ಷದಲ್ಲಿ ತಿಗಣೆ ಸದ್ದಿಲ್ಲದೆ ಅಡಗಿತು. ಆಮೇಲೆ ಎಲ್ಲರಿಗೂ ಆಸ್ಟ್ರೇಲಿಯಾದ ಗುಲಗಂಜಿ ಹುಳದ ಹುಚ್ಚು!

ದಕ್ಷಿಣ ಭಾರತದ ಕಾಫಿಗೂ ಒಂದು ಬಂತು. ೧೮೯೮ರಲ್ಲಿ ನ್ಯೂಪೋರ್ಟ್ ಎಂಬುವರು ಹಸಿರು ತಿಗಣೆಯ ಮೇಲೆ ಬಿಡಲೆಂದು ಕ್ರಿಪ್ಟೋಲೀಮಸ್ ಮಾಂಟ್ರೌಜಿಯೆರಿ ಎಂಬ ಹುಳವನ್ನು ಆಸ್ಟ್ರೇಲಿಯಾದಿಂದ ತರಿಸಿದರು. ನಾಲ್ಕು ಮಿಲಿಮೀಟರಿನ ಕಪ್ಪು ಮೈ, ಕಿತ್ತಳೆ ಬಣ್ಣದ ತಲೆ. ಬಾಯಿಗೆ ಬಾರದ ಆ ಎರಡನೇ ಹೆಸರು ಮಾಂಟ್ರೌಜಿಯೆ ಎಂಬ ಫ್ರೆಂಚ್ ಪಾದ್ರಿಯದು. ಫಲಿತಾಂಶ? ಹಸಿರು ತಿಗಣೆಗೆ ಏನೂ ಆಗಲಿಲ್ಲ. ಈ ಹುಳಕ್ಕೆ ಮೊಟ್ಟೆಯಿಡಲು ಹಿಟ್ಟು ತಿಗಣೆಯ ಹತ್ತಿಯಂಥ ಮೊಟ್ಟೆಚೀಲ ಇಷ್ಟ, ಬೋಳು ಮೈಯ ಹಸಿರು ತಿಗಣೆ ಅದಕ್ಕೆ ಅಷ್ಟಕ್ಕಷ್ಟೆ. ಆದರೆ ಹುಳ ಸಾಯಲೂ ಇಲ್ಲ. ದಕ್ಷಿಣದ ತೋಟಗಳಲ್ಲಿ ಹಿಟ್ಟು ತಿಗಣೆ ತಿಂದುಕೊಂಡು ಎಲ್ಲೋ ಬದುಕಿಕೊಂಡಿತು. ಒಂದು ಕೆಲಸಕ್ಕೆ ಬಂದವನು ಇನ್ನೊಂದು ಕೆಲಸ ಹಿಡಿದು ಊರಲ್ಲೇ ನಿಂತುಬಿಟ್ಟ ಹಾಗೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ೧೮೯೮ರಲ್ಲಿ ಜಾವಾ ದ್ವೀಪದಲ್ಲಿ ಜಿಮ್ಮರ್‌ಮನ್ ಎಂಬ ವಿಜ್ಞಾನಿ ಹಸಿರು ತಿಗಣೆಗಳನ್ನು ಸಾಮೂಹಿಕವಾಗಿ ಕೊಲ್ಲುವ ಶಿಲೀಂಧ್ರವೊಂದನ್ನು ವಿವರಿಸಿದರು. ಸತ್ತ ತಿಗಣೆಯ ಸುತ್ತ ಬಿಳಿ ಪ್ರಭಾವಳಿಯಂತೆ ಬೂಷ್ಟು ಹಬ್ಬಿರುತ್ತದೆ. ಲೆಕಾನಿ ಎಂಬ ಈ ಬೂಷ್ಟಿನ ಕುಲದ ಹೆಸರು ಆಮೇಲೆ ನಾಲ್ಕು ಬಾರಿ ಬದಲಾಗಿರಬೇಕು, ಅದು ಬಿಡಿ. ಕೊಡಗಿನಲ್ಲಿ ಬೇಸಗೆಯಲ್ಲಿ ಮೆರೆಯುವ ಹಸಿರು ತಿಗಣೆಯನ್ನು ಮಳೆಗಾಲದಲ್ಲಿ ಹತೋಟಿಗೆ ತರುವುದರಲ್ಲಿ ದೊಡ್ಡ ಪಾಲು ಈ ಬಿಳಿ ಬೂಷ್ಟಿನದು. ಹಡಗಿನ ಟಿಕೆಟ್ ಕೊಟ್ಟು ತಂದ ಹುಳ ಮಾಡದ ಕೆಲಸವನ್ನು ತೋಟದ ತೇವ ಮತ್ತು ನೆರಳಿನಲ್ಲಿ ತಾನಾಗಿ ಬೆಳೆದ ಬೂಷ್ಟು ಮಾಡುತ್ತಿದೆ. ಕುಂಡದಲ್ಲಿ ನೊರಜು ತರುವುದೂ ತೇವವೇ, ತೋಟದಲ್ಲಿ ತಿಗಣೆ ಕೊಲ್ಲುವುದೂ ತೇವವೇ!

ಇನ್ನೊಬ್ಬ ಪಾತ್ರಧಾರಿ ಉಳಿದ, ಇರುವೆ. ತಿಗಣೆ ವಿಸರ್ಜಿಸುವ ಸಿಹಿ ಅಂಟು ಇರುವೆಗೆ ಪಾಯಸ. ಆ ಪಾಯಸಕ್ಕಾಗಿ ಚಿಗಳಿ ಮತ್ತು ಇತರ ಇರುವೆಗಳು ತಿಗಣೆಯನ್ನು ದನ ಕಾದಂತೆ ಕಾಯುತ್ತವೆ, ಗುಲಗಂಜಿ ಹುಳ ಬಂದರೆ ಕಚ್ಚಿ ಓಡಿಸುತ್ತವೆ. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಮತ್ತು ಕುಂಞಿ ಕಣ್ಣನ್ ದಕ್ಷಿಣ ಭಾರತದ ಕಾಫಿ ತಿಗಣೆಗಳ ಬಗ್ಗೆ ೧೯೧೮ರಲ್ಲೇ ಒಂದು ಪುಸ್ತಿಕೆ ತಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ತಿಗಣೆಯ ಬಗ್ಗೆ ಯಾರೇ ಸಲಹೆ ಕೊಡಲಿ, ಇರುವೆಯ ಮಾತು ಬಾರದೆ ಇರುವುದಿಲ್ಲ. ಮಿತ್ರಕೀಟ ಎಷ್ಟು ಬಿಟ್ಟೆವು ಅನ್ನುವುದಕ್ಕಿಂತ ಕಾವಲುಗಾರ ಇದ್ದಾನೋ ಇಲ್ಲವೋ ಅನ್ನುವುದೇ ದೊಡ್ಡದಾಗುತ್ತದೆ.

ಎರಡನೇ ಮಹಾಯುದ್ಧದ ನಂತರ ಪುಡಿಗಳ ಕಾಲ ಬಂತು. ಬಿ.ಎಚ್.ಸಿ. ಪುಡಿಯ ವಾಸನೆ ಹಳಬರಿಗೆ ಇವತ್ತಿಗೂ ನೆನಪಿರುತ್ತದೆ. ಕಾಂಡಕೊರಕಕ್ಕೆ ಅದೇ, ಇರುವೆಗೂ ಅದೇ. ಅಗ್ಗ, ಕಣ್ಣಿಗೆ ಕಾಣುವ ಪರಿಣಾಮ, ಒಂದು ಡಬ್ಬದಲ್ಲಿ ಎಲ್ಲಕ್ಕೂ ಮದ್ದು. ಆ ಕಾಲದ ಬೆಳೆಗಾರರನ್ನು ಬೈಯುವುದು ಸುಲಭ, ನನಗೆ ಮನಸ್ಸು ಬರುವುದಿಲ್ಲ. ಕಾಂಡಕೊರಕ ಹತ್ತಿದ ಗಿಡವನ್ನು ಕಿತ್ತು ಸುಡಬೇಕು, ಹೊಸ ಗಿಡ ಫಸಲಿಗೆ ಬರಲು ವರ್ಷಗಳೇ ಬೇಕು. ಕಣ್ಣೆದುರು ಹಾಗಾಗುವಾಗ ಯಾರು ತಾನೇ ಪುಡಿ ಬೇಡ ಅಂದಾರು? ಆದರೆ ಬುಡಕ್ಕೆ ಸುರಿದ ಪುಡಿ ಬುಡದ ಮಣ್ಣಿಗೇ ಸೇರಿತು. ಇರುವೆ ಸತ್ತಿತು, ಜೊತೆಗೆ ಇರುವೆಯಲ್ಲದ್ದೂ. ಭಾರತದಲ್ಲಿ ಬಿ.ಎಚ್.ಸಿ. ನಿಷೇಧವಾದದ್ದು ೧೯೯೭ರಲ್ಲಿ. ಅದರ ಶುದ್ಧರೂಪ ಲಿಂಡೇನ್ ಮುಗಿದದ್ದು ಅದಕ್ಕೂ ಹದಿನೈದು ವರ್ಷ ಆದಮೇಲೆ.

ಹಿಟ್ಟು ತಿಗಣೆಯ ಬಾಧೆ ರೋಬಸ್ಟಾ ತೋಟಗಳಲ್ಲಿ ಜೋರಾದಾಗ, ಹಿಂದೆ ಸೋತು ಸುಮ್ಮನಿದ್ದ ೧೮೯೮ರ ಹುಳದ ನೆನಪಾಯಿತು. ಬೆಂಗಳೂರಿನಲ್ಲಿ ೧೯೫೭ರಿಂದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೇಂದ್ರವಿತ್ತು, ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂದಿತ್ತು. ಸಿಹಿಗುಂಬಳದ ಮೇಲೆ ಹಿಟ್ಟು ತಿಗಣೆ ಬೆಳೆಸಿ, ಅದರ ಮೇಲೆ ಕ್ರಿಪ್ಟೋಲೀಮಸ್ ಸಾಕಿ, ದ್ರಾಕ್ಷಿ, ಕಿತ್ತಳೆ, ಕಾಫಿ ತೋಟಗಳಿಗೆ ಕೊಡುವ ವಿಧಾನ ರೂಢಿಗೆ ಬಂತು. ಮುಕ್ಕಾಲು ಶತಮಾನ ನಿರುದ್ಯೋಗಿ ಅನ್ನಿಸಿಕೊಂಡಿದ್ದವನಿಗೆ ಕೊನೆಗೂ ಸರ್ಕಾರಿ ಕೆಲಸ! ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಈ ಹುಳದ ಮರಿ ಮೈತುಂಬ ಬಿಳಿ ಮೇಣದ ಕುಚ್ಚು ಹೊತ್ತಿರುತ್ತದೆ, ನೋಡಲು ಥೇಟ್ ದೊಡ್ಡ ಹಿಟ್ಟು ತಿಗಣೆ. ದಾಸವಾಳದ ಗಿಡದಲ್ಲಿ ಅಂಥದ್ದು ಚುರುಕಾಗಿ ಓಡಾಡುವುದು ಕಂಡರೆ ಹೊಸಕಬೇಡಿ, ಅದು ನಮ್ಮವನು.

೧೯೮೩ರಲ್ಲಿ ಟ್ರಿನಿಡಾಡ್‌ನಿಂದ ಇನ್ನೊಬ್ಬ ಅತಿಥಿ ಬಂದ. ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಮೂರು ಮಿಲಿಮೀಟರಿನ ಹಳದಿ-ಕಂದು ಕಣಜ. ಹಿಟ್ಟು ತಿಗಣೆಯ ಹೊಟ್ಟೆಯೊಳಗೆ ಒಂದೇ ಒಂದು ಮೊಟ್ಟೆ ಇಡುತ್ತದೆ, ಮರಿ ಒಳಗಿಂದಲೇ ತಿಂದು ಖಾಲಿ ಮಾಡುತ್ತದೆ. ಕೊಡಗಿನ ಚೆಟ್ಟಳ್ಳಿಯಲ್ಲಿ ೧೯೪೬ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಕಿತ್ತಳೆಗೆಂದು ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಕಿತ್ತಳೆ ಮತ್ತು ಕಾಫಿ ಒಂದೇ ತೋಟದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಬೆಳೆಯುವ ಈ ನಾಡಿನಲ್ಲಿ ಕಣಜ ನೆಲೆ ಕಂಡುಕೊಂಡಿತು. ಆದರೆ ಅದಕ್ಕೂ ತನ್ನದೇ ಹಟ. ಸಿಟ್ರಸ್ ಹಿಟ್ಟು ತಿಗಣೆಯನ್ನು ಹಿಡಿಯುವಷ್ಟು ಚೆನ್ನಾಗಿ ಅದರ ದಾಯಾದಿಗಳನ್ನು ಹಿಡಿಯುವುದಿಲ್ಲ. ಇರುವೆ ಇರುವ ಗಿಡದಲ್ಲಿ ಅದೂ ಕೈಚೆಲ್ಲುತ್ತದೆ.

ಕಾಯಿಕೊರಕದ ಕತೆ ಇನ್ನೂ ಹತ್ತಿರದ್ದು. ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿ ಕೆಲವೇ ವರ್ಷಗಳಲ್ಲಿ ಕೊಡಗಿಗೂ ದಾಟಿತು. ಅದಕ್ಕೆ ೧೯೯೫ರಲ್ಲಿ ಮೆಕ್ಸಿಕೋದಿಂದ ಒಂದು ಕಣಜ ತರಿಸಿದರು, ಬೊವೇರಿಯಾ ಎಂಬ ಬೂಷ್ಟನ್ನೂ ಸಿಂಪಡಿಸಿದರು. ಜೊತೆಜೊತೆಗೇ ಎಂಡೋಸಲ್ಫಾನ್ ಸಿಂಪಡಿಸಿ ಎಂಬ ಶಿಫಾರಸೂ ಇತ್ತು. ಘಟ್ಟದ ಕೆಳಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದೇ ಎಂಡೋಸಲ್ಫಾನ್ ಸುರಿದು, ಎಣ್ಮಕಜೆ, ಪಡ್ರೆಯ ಕನ್ನಡ ಮನೆಗಳಲ್ಲಿ ಏನಾಯಿತೆಂದು ನಾವೆಲ್ಲ ಓದಿದ್ದೇವೆ. ಸುಪ್ರೀಂ ಕೋರ್ಟ್ ೨೦೧೧ರಲ್ಲಿ ಅದನ್ನು ನಿಲ್ಲಿಸಿತು. ಕಾಯಿಕೊರಕಕ್ಕೆ ಇವತ್ತಿಗೂ ಅತಿ ನಂಬಿಕೆಯ ಮದ್ದು ಅಂದರೆ ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಒಂದು ಕಾಯಿಯೂ ಬಿಡದಂತೆ ಹೆಕ್ಕುವುದು. ಮಿತ್ರಕೀಟವೂ ಅಲ್ಲ, ಶತ್ರುವಿಷವೂ ಅಲ್ಲ, ಬೆನ್ನು ಬಗ್ಗಿಸಿದ ಹೆಂಗಸರ ಕೈ.

ಈಗ ಕುಂಡದ ಮಣ್ಣಿಗೆ ಬರೋಣ. ಕುಂಡದ ಹಿರಿಯಕ್ಕ ಅಂದರೆ ಕಾಫಿ ನರ್ಸರಿ. ಡಿಸೆಂಬರ್-ಜನವರಿಯಲ್ಲಿ ಪಾತಿಗೆ ಬೀಜ ಹಾಕಿ ಹುಲ್ಲು ಹೊದಿಸುತ್ತಾರೆ. ಒಂದೂವರೆ ತಿಂಗಳಿಗೆ ಮೊಳಕೆ ತಲೆಯ ಮೇಲೆ ಬೀಜ ಹೊತ್ತು ಟೋಪಿ ಹಾಕಿದ ಸಿಪಾಯಿಯಂತೆ ಏಳುತ್ತದೆ. ಆ ಟೋಪಿ ಹಂತದಲ್ಲಿ ಅದನ್ನು ಚೀಲಕ್ಕೆ ವರ್ಗಾಯಿಸುತ್ತಾರೆ. ಪಾಲಿಥೀನ್ ಬರುವ ಮೊದಲು ಬಿದಿರಿನ ಬುಟ್ಟಿಗಳಿದ್ದವು. ತುಂಬುವ ಮಿಶ್ರಣ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಕಾಡುಮಣ್ಣು ಅಂದರೆ ಬರೀ ಮಣ್ಣಲ್ಲ, ಅದರೊಳಗೆ ಕೂಲಿ ನುಸಿ, ಬೇಟೆ ನುಸಿ, ಬಾಲಹುಳ, ಬೂಷ್ಟು ಎಲ್ಲ ಮೊದಲೇ ಸಂಸಾರ ಹೂಡಿರುತ್ತವೆ. ನೊರಜು ಅಲ್ಲಿಗೂ ಬರುತ್ತದೆ, ಆದರೆ ತುಂಬಿದ ಮನೆಗೆ ಬರುತ್ತದೆ. ನರ್ಸರಿಯಲ್ಲಿ ಬುಡ ಕೊಳೆಯುವ ರೋಗ ಬಂದರೆ ಹಳೇ ಮೇಸ್ತ್ರಿಗಳು ಮೊದಲು ಮಾಡುವ ಕೆಲಸ ನೀರು ಕಡಿಮೆ ಮಾಡಿ ಚಪ್ಪರ ತೆಳುಮಾಡುವುದು. ಔಷಧಿ ಆಮೇಲೆ.

ನಮ್ಮ ಒಳಮನೆಯ ಕುಂಡದಲ್ಲಿ ಇರುವುದು ಕೋಕೋಪೀಟ್. ತೆಂಗಿನ ನಾರು ತೆಗೆದು ಉಳಿದ ಪುಡಿಯನ್ನು ತೊಳೆದು, ಒಣಗಿಸಿ, ಇಟ್ಟಿಗೆಯಂತೆ ಒತ್ತಿದ್ದು. ನೀರು ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಒಳಗೆ ಯಾರೂ ಇಲ್ಲ. ಅದಕ್ಕೆ ಅರೆಬೆಂದ ಕಾಂಪೋಸ್ಟ್ ಬೆರೆಸಿ ದಿನಾ ನೀರು ಹಾಕಿದರೆ ಖಾಲಿ ಮನೆಗೆ ಬಾಗಿಲು ತೆರೆದು ಊಟ ಬಡಿಸಿಟ್ಟ ಹಾಗೆ. ರೆಕ್ಕೆ ಇರುವವನು ಮೊದಲು ಬರುತ್ತಾನೆ. ನುಸಿಗೆ ರೆಕ್ಕೆ ಇಲ್ಲ, ಅದು ಮೂರನೇ ಮಹಡಿಯ ಫ್ಲಾಟಿಗೆ ನಡೆದು ಬರಲಾರದು.

ಹಾಗಾಗಿ ಡಬ್ಬಿ ನುಸಿ ಕೆಲಸ ಮಾಡುವುದು ನಿಜ, ಆದರೆ ಅದಕ್ಕೂ ಕೊಡಗಿನ ಹುಳಗಳಿಗಿದ್ದ ಶರತ್ತುಗಳೇ. ಮಣ್ಣಿಗೆ ಕೀಟನಾಶಕ ಹಾಕಿದ್ದರೆ ಮೊದಲು ಸಾಯುವುದು ನುಸಿಯೇ. ಮೇಲ್ಪದರ ಪೂರ್ತಿ ಸುಟ್ಟಂತೆ ಒಣಗಿದರೂ ಬದುಕದು, ನೀರು ನಿಂತರೂ ಬದುಕದು. ನೊರಜಿನ ದಂಡು ಎದ್ದ ಮೇಲೆ ಬಿಟ್ಟರೆ ತಡವಾಯಿತು, ಏಕೆಂದರೆ ನುಸಿ ತಿನ್ನುವುದು ಮರಿಹುಳವನ್ನು, ಹಾರುವ ನೊಣವನ್ನ��್ಲ. ಒಂದು ಒಳ್ಳೆಯ ಗುಣವೆಂದರೆ ನೊರಜು ಮುಗಿದರೂ ಅದು ಬಾಲಹುಳ, ಕಸಕಡ್ಡಿ ತಿಂದು ಸ್ವಲ್ಪ ಕಾಲ ದಿನ ತಳ್ಳುತ್ತದೆ. ಡಬ್ಬಿ ಸಿಗದವರು ನೀರು ಹಾಕುವ ಮುನ್ನ ಬೆರಳಿನ ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಆಲೂಗಡ್ಡೆಯ ಬಿಲ್ಲೆ ಕೊಯ್ದು ಮಣ್ಣಿನ ಮೇಲೆ ಇಟ್ಟರೆ ಎರಡು ಮೂರು ದಿನಕ್ಕೆ ಅದರ ಅಡಿಯಲ್ಲಿ ಕರಿತಲೆಯ ಹುಳು ಸೇರುತ್ತವೆ, ಎಷ್ಟಿವೆ ಅನ್ನುವುದು ಗೊತ್ತಾಗುತ್ತದೆ. ಹಳದಿ ಅಂಟುಕಾಗದ ಹಾರುವವನ್ನು ಹಿಡಿಯುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ೧೯೭೬ರಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ, ಸೊಳ್ಳೆಮರಿ ಕೊಲ್ಲಲು ನಮ್ಮಲ್ಲೂ ಬಳಸುವ ಬಿ.ಟಿ.ಐ., ನೊರಜಿನ ಮರಿಯನ್ನೂ ಕೊಲ್ಲುತ್ತದೆ, ನುಸಿಯ ತಂಟೆಗೆ ಹೋಗುವುದಿಲ್ಲ. ಇವೆಲ್ಲವನ್ನೂ ಒಂದು ತಿಂಗಳು ಬಿಡದೆ ಮಾಡಬೇಕು, ಒಂದು ತಲೆಮಾರು ದಾಟುವವರೆಗೆ.

ಕಾಫಿ ತೋಟದ ಮಣ್ಣನ್ನೇ ತಂದು ಸುರಿಯಬಹುದಲ್ಲ ಅಂತ ಕೇಳುವವರಿದ್ದಾರೆ. ನಾನಂತೂ ಬೇಡ ಅನ್ನುತ್ತೇನೆ. ಕಾಫಿ ಬೇರಿನ ಜಂತುಹುಳವೂ ಅದೇ ಮಣ್ಣಿನಲ್ಲಿರಬಹುದು. ಚೆನ್ನಾಗಿ ಕಳಿತ, ಕಾಡಿನ ವಾಸನೆ ಬರುವ ಎಲೆಗೊಬ್ಬರ ಒಂದು ಹಿಡಿ ಸಾಕು. ಅದರಲ್ಲಿ ಬೇಟೆಗಾರ ಇದ್ದಾನೋ ಇಲ್ಲವೋ ನೋಡಬೇಕಾದರೆ ಇಟಲಿಯ ಆಂಟೋನಿಯೋ ಬೆರ್ಲೀಸ್ ೧೯೦೫ರಲ್ಲಿ ಮಾಡಿದ ಉಪಾಯವಿದೆ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಕೊಳವೆಯಂತೆ ತಲೆಕೆಳಗು ಇಡಿ, ಒಳಗೆ ಸೊಳ್ಳೆಪರದೆಯ ತುಂಡು, ಅದರ ಮೇಲೆ ಗೊಬ್ಬರ, ಮೇಲೆ ಒಂದು ಹಳೇ ಬಲ್ಬು, ಕೆಳಗೆ ಒದ್ದೆ ಬಿಳಿ ಕಾಗದ ಹಾಸಿದ ಬಟ್ಟಲು. ಎಲ್‌ಇಡಿ ಬೇಡ, ಬಿಸಿ ಬರುವ ಬಲ್ಬೇ ಬೇಕು. ಬಿಸಿಗೂ ಬೆಳಕಿಗೂ ಅಂಜಿ ಒಂದೊಂದಾಗಿ ಕೆಳಗೆ ಬೀಳುತ್ತವೆ. ಮಾರನೇ ದಿನ ಭೂತಗನ್ನಡಿಯಲ್ಲಿ ನೋಡಿ. ಗುಂಡಗೆ, ಕಪ್ಪಗೆ, ತೆವಳುವಂಥವು ಕೂಲಿಗಳು. ಜಿಗಿಯುವವು ಬಾಲಹುಳ. ಕಂದು ಬಣ್ಣದ್ದೊಂದು ಕಾಗದದ ಅಂಚಿನಲ್ಲಿ ನಿಲ್ಲದೆ ಓಡುತ್ತಿದ್ದರೆ, ಬಟ್ಟಲನ್ನು ಹಾಗೆಯೇ ಎತ್ತಿಕೊಂಡು ಹೋಗಿ ಕುಂಡಕ್ಕೆ ಕೊಡವಿ.